ರಸಾಯನಶಾಸ್ತ್ರದಲ್ಲಿ ಅಂಕ ಕಡಿಮೆ ಬಂದಾಗ

ರಸಾಯನಶಾಸ್ತ್ರದ ಅಂಕ ನೋಡಿ ಅಳು ಬಂದರೆ ಅತ್ತುಬಿಡಿ. ಆ ದಿನ ಪುಸ್ತಕ ಮುಟ್ಟಬೇಡಿ. ಮರುದಿನ ಉತ್ತರಪತ್ರಿಕೆ ಬಿಚ್ಚಿ, ಪ್ರತಿ ತಪ್ಪಿನ ಪಕ್ಕದಲ್ಲಿ ಕಾರಣ ಬರೆಯಿರಿ: ವಿಷಯವೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಲೆಕ್ಕ ತಪ್ಪಿತೋ? ಮೊದಲನೆಯದಕ್ಕೆ ಓದು ಬೇಕು, ಎರಡನೆಯದಕ್ಕೆ ಅಭ್ಯಾಸ.

ಹನ್ನೊಂದನೇ ತರಗತಿಯಲ್ಲಿ ಅನೇಕರನ್ನು ಕಾಡುವುದು ಮೋಲ್ ಲೆಕ್ಕ. 12 ಗ್ರಾಂ ಇಂಗಾಲ ಪೂರ್ತಿ ಉರಿಯಲು 32 ಗ್ರಾಂ ಆಮ್ಲಜನಕ ಬೇಕು. 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಸಿಗುತ್ತದೆ. ಇಂಗಾಲ 3 ಗ್ರಾಂ ಮಾತ್ರ ಇದ್ದರೆ ಎಲ್ಲವೂ ಕಾಲುಭಾಗ: 8 ಗ್ರಾಂ ಆಮ್ಲಜನಕ, 11 ಗ್ರಾಂ ಕಾರ್ಬನ್ ಡೈಆಕ್ಸೈಡ್.

ನಮ್ಮ ಕಾಸರಗೋಡಿನ ಮಕ್ಕಳಲ್ಲಿ ಕೆಲವರಿಗೆ ಭಾಷೆಯೂ ತೊಡಕು. ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಕೇಳಿದ ಪಾಠವನ್ನು ತಂಗಿಗೆ ಕನ್ನಡದಲ್ಲಿ ಹೇಳಿನೋಡಿ. ತಡವರಿಸಿದಲ್ಲಿ ಗುರುತು ಹಾಕಿ, ಶಿಕ್ಷಕರನ್ನು ಕೇಳಿ. ತಂದೆತಾಯಂದಿರೇ, ಪಕ್ಕದ ಮನೆಯವರ ಅಂಕದ ಮಾತು ಊಟದ ಹೊತ್ತಿಗಂತೂ ಬೇಡ.

ಇಂದಿನ ಲೆಕ್ಕ: 18 ಗ್ರಾಂ ಇಂಗಾಲಕ್ಕೆ ಆಮ್ಲಜನಕ ಎಷ್ಟು?