ಸೋಮನ ಮುಖ, ಹಿರಿಯರ ಮುಖ



ಬೆಂಗಳೂರಿನ ಸುತ್ತಲ ಹಳ್ಳಿಗಳಿಂದ ಹಿಡಿದು ತುಮಕೂರು, ಮಂಡ್ಯ, ಹಾಸನದವರೆಗೆ ಊರಹಬ್ಬಗಳಲ್ಲಿ ಗ್ರಾಮದೇವತೆಯ ಮುಂದೆ ಸೋಮ ಕುಣಿಯುವುದನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಮರದಲ್ಲಿ ಕೆತ್ತಿ ಬಣ್ಣ ಬಳಿದ ದೊಡ್ಡ ಮುಖ, ಅಗಲವಾದ ಕಣ್ಣು. ಅದಕ್ಕೆ ಜೋಡಿಸಿದ ಬುಟ್ಟಿಯನ್ನು ಕುಣಿಯುವವರು ತಲೆಗೆ ಬಿಗಿದು ಕಟ್ಟಿಕೊಳ್ಳುತ್ತಾರೆ. ಹೊತ್ತು ಕುಣಿಯುವವರು ಹೆಚ್ಚಾಗಿ ಗಂಗಾಮತಸ್ಥರು.

ಈ ಮುಖ ಕಂಡು ಹೆದರಿದ ಮಗುವಿಗೆ "ಅದು ದೆವ್ವ, ನೋಡಬೇಡ" ಎನ್ನುವ ತಾಯಂದಿರು ನಮ್ಮಲ್ಲಿದ್ದಾರೆ. ಹಾಗೆನ್ನುವುದು ಸರಿಯಲ್ಲ. ಆ ಊರಿನವರಿಗೆ ಸೋಮ ದೆವ್ವವಲ್ಲ, ಊರನ್ನು ಕಾಯುವವನು. ನೆರೆಯವರ ಮನಸ್ಸು ನೋಯುತ್ತದೆ ಎಂಬುದಷ್ಟೇ ಅಲ್ಲ, ಅದು ಸುಳ್ಳೂ ಹೌದು. ನೆರೆಯವರ ಮೇಲೆ ಸುಳ್ಳು ಹೇಳಬಾರದೆಂಬ ಎಂಟನೆಯ ಆಜ್ಞೆ ಅವರ ನಂಬಿಕೆಯ ವಿಷಯಕ್ಕೂ ಅನ್ವಯಿಸುತ್ತದೆ.

ಮರದ ಮುಖದಲ್ಲಿ ತಮ್ಮ ಪೂರ್ವಿಕರನ್ನೇ ಕಾಣುವ ಜನರೂ ಇದ್ದಾರೆ. ಪಪುವಾ ನ್ಯೂಗಿನಿಯ ಸೆಪಿಕ್ ನದಿಯ ದಡದಲ್ಲಿರುವ ಇಯಾಟ್ಮುಲ್ ಜನರ ಉದ್ದ ಮೂಗಿನ ಮುಖವಾಡಗಳು ಕುಲದ ಮೂಲ ಹಿರಿಯರನ್ನು ಸೂಚಿಸುತ್ತವೆ. ನಮ್ಮ ಸೋಮ ಅಂತಹ ಹಿರಿಯನಲ್ಲ. ಇಲ್ಲಿನ ಹಳ್ಳಿಗಳಲ್ಲಿ ಹಿರಿಯರಿಗೆ ಮಹಾಲಯ ಅಮಾವಾಸ್ಯೆಯಂದು ಎಡೆ ಇಡುತ್ತಾರೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಈ ವ್ಯತ್ಯಾಸ ತಿಳಿಯದೆ ಹೋದರೆ ಏನಾಗುತ್ತದೆ? ಚೀನಾದ ಕ್ರೈಸ್ತರನ್ನು ಕೇಳಿದರೆ ಗೊತ್ತಾಗುತ್ತಿತ್ತು. ಹಿರಿಯರ ಹೆಸರು ಬರೆದ ಮರದ ಹಲಗೆಯ ಮುಂದೆ ತಲೆಬಾಗುವುದು ಅಲ್ಲಿನ ಪದ್ಧತಿ. ಅದು ವಿಗ್ರಹಾರಾಧನೆಯೋ, ಮಕ್ಕಳು ತಂದೆತಾಯಿಗೆ ಸಲ್ಲಿಸುವ ಗೌರವವೋ ಎಂದು ಧರ್ಮಪ್ರಚಾರಕರಲ್ಲೇ ಜಗಳವಾಯಿತು. 1742ರಲ್ಲಿ ಜಗದ್ಗುರು 14ನೆಯ ಬೆನೆಡಿಕ್ಟರು ಅದನ್ನು ಪೂರ್ತಿಯಾಗಿ ನಿಷೇಧಿಸಿದರು. 1939ರಲ್ಲಿ, 12ನೆಯ ಪಯಸ್ಸರ ಕಾಲದಲ್ಲಿ, ಅದು ಸಮಾಜದ ಮರ್ಯಾದೆಯೆಂದು ಒಪ್ಪಿ ರೋಮ್ ಅನುಮತಿ ನೀಡಿತು. ನಡುವಿನ 197 ವರ್ಷ ಅಲ್ಲಿನ ಕ್ರೈಸ್ತನು ತನ್ನ ಅಜ್ಜನ ಹೆಸರಿಗೆ ತಲೆಬಾಗುವಂತಿರಲಿಲ್ಲ. ಹೆತ್ತವರನ್ನೇ ಮರೆತವರು ಎಂಬ ಮಾತನ್ನು ಅವರು ಕೇಳಬೇಕಾಯಿತು.

ಆದರೆ ಸೋಮನ ವಿಷಯ ಬೇರೆ. ಅವನಿಗೆ ಪೂಜೆಯಿದೆ, ಬಲಿಯಿದೆ. ಅದು ಬರೀ ಗೌರವವಲ್ಲ, ಆರಾಧನೆ. ಆರಾಧನೆ ದೇವರೊಬ್ಬರಿಗೇ ಎಂದು 787ರ ನಿಸೇಯ ಮಹಾಸಭೆ ಸ್ಪಷ್ಟಪಡಿಸಿದೆ. ನಮ್ಮ ಗುಡಿಯ ಸ್ವರೂಪಗಳಿಗೂ ನಾವು ಸಲ್ಲಿಸುವುದು ಗೌರವ ಮಾತ್ರ. ಆದ್ದರಿಂದ ಪೂಜೆಯಲ್ಲಿ ನಾವು ಪಾಲುಗೊಳ್ಳುವುದಿಲ್ಲ. ದೂರದಲ್ಲಿ ನಿಂತು ಕುಣಿತ ನೋಡುವುದಕ್ಕೆ, ಹೊತ್ತವರ ಶ್ರಮವನ್ನು ಮೆಚ್ಚುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಇನ್ನು, ಇಂತಹ ಮುಖವನ್ನು ಮನೆಯ ಗೋಡೆಗೆ ತೂಗುಹಾಕಬಹುದೇ? ಮಾರಾಟಕ್ಕೆಂದೇ ಕೆತ್ತಿದ್ದಾದರೆ ಅದು ಕುಶಲಕರ್ಮಿಯ ಕೆಲಸ, ತನ್ನಿ. ಗುಡಿಯಲ್ಲಿ ಪೂಜೆಗೊಂಡ ಹಳೆಯ ಮುಖವನ್ನು ಯಾರಾದರೂ ಸದ್ದಿಲ್ಲದೆ ಮಾರಲು ಬಂದರೆ ಕೊಳ್ಳಬೇಡಿ. ಅದು ಊರಿನವರದು.