ಬಿ.ಎಸ್ಸಿ. ಸೇರುವ ಮುನ್ನ: ಪರಿಸರ ಆರೋಗ್ಯದ ಉದ್ಯೋಗಕ್ಕೆ ಯಾವ ವಿಷಯ ಓದಿರಬೇಕು?

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಟ್ರಸ್ಟಿಗೆ ಬರುವ ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಕೋರ್ಸಿನ ಹೆಸರಿನ ಜಾಗದಲ್ಲಿ ಅನೇಕ ಮಕ್ಕಳು 'ಬಿ.ಎಸ್ಸಿ.' ಎಂದಷ್ಟೇ ಬರೆದಿರುತ್ತಾರೆ. ಯಾವ ಮೂರು ವಿಷಯ ಎಂದು ಕೇಳಿದರೆ, ಸೀಟು ಎಲ್ಲಿ ಸಿಗುತ್ತದೋ ಅದು ಎನ್ನುತ್ತಾರೆ. ಮೆಡಿಕಲ್ ಸೀಟು ಸಿಗದ ಬೇಸರದಲ್ಲಿರುವ ತಂದೆತಾಯಿಗೂ ಆ ಹೊತ್ತಿಗೆ ಅದು ದೊಡ್ಡ ಪ್ರಶ್ನೆಯಾಗಿ ಕಾಣುವುದಿಲ್ಲ. ಮೂರು ವರ್ಷ ಕಳೆದು ಸರ್ಕಾರದ ಅಧಿಸೂಚನೆ ಹೊರಬಿದ್ದಾಗಲೇ ಅದರ ತೂಕ ತಿಳಿಯುವುದು. ಹೀಗಾಗಿ ಈ ವರ್ಷದ ವರದಿಯಲ್ಲಿ ಒಂದು ಉದ್ಯೋಗ ಕ್ಷೇತ್ರವನ್ನಷ್ಟೇ ಎತ್ತಿಕೊಂಡು ವಿವರಿಸುತ್ತಿದ್ದೇವೆ.

ಕುಡಿಯುವ ನೀರು, ಹೋಟೆಲಿನ ಊಟ, ಕಸ, ಚರಂಡಿ, ಹೊಗೆ, ಸದ್ದು ಇವುಗಳಿಂದ ಜನರಿಗೆ ಕಾಯಿಲೆ ಬರದಂತೆ ನೋಡಿಕೊಳ್ಳುವುದೇ ಪರಿಸರ ಆರೋಗ್ಯದ ಕೆಲಸ. ಬೆಂಗಳೂರಿಗೆ ಇದು ಹೊಸದಲ್ಲ. 1898ರ ಪ್ಲೇಗಿನ ನಂತರ ಗಾಳಿ ಬೆಳಕಿರುವ ಅಗಲ ಬೀದಿಗಳ ಬಡಾವಣೆಯಾಗಿ ಬೆಳೆದದ್ದೇ ನಮ್ಮ ಪಕ್ಕದ ಬಸವನಗುಡಿ. ಇಂದು ಈ ಕೆಲಸವನ್ನು ಆರೋಗ್ಯ ನಿರೀಕ್ಷಕರು, ಆಹಾರ ಸುರಕ್ಷತಾ ಅಧಿಕಾರಿಗಳು, ಪ್ರಯೋಗಾಲಯದ ವಿಶ್ಲೇಷಕರು ಹಂಚಿಕೊಂಡು ಮಾಡುತ್ತಾರೆ. ಎಲ್ಲ ಇಲಾಖೆಗಳಿಗೂ ಸಲ್ಲುವ ಒಂದೇ ಪ್ರಮಾಣಪತ್ರ ನಮ್ಮಲ್ಲಿ ಇಲ್ಲ. ಪ್ರತಿ ಹುದ್ದೆಗೂ ಅದರದೇ ನಿಯಮ, ಅದರದೇ ವಿಷಯಗಳ ಪಟ್ಟಿ. ತೊಡಕು ಇರುವುದು ಇಲ್ಲೇ.

ಆಹಾರ ಸುರಕ್ಷತಾ ಅಧಿಕಾರಿಯ ಹುದ್ದೆಯನ್ನೇ ನೋಡಿ. 2011ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ನಿಯಮಗಳು ಪಟ್ಟಿ ಮಾಡಿದ ಪದವಿಗಳು ಇವು: ಆಹಾರ ತಂತ್ರಜ್ಞಾನ, ಡೇರಿ ತಂತ್ರಜ್ಞಾನ, ಬಯೋಟೆಕ್ನಾಲಜಿ, ಎಣ್ಣೆ ತಂತ್ರಜ್ಞಾನ, ಕೃಷಿ ವಿಜ್ಞಾನ, ಪಶುವೈದ್ಯ ವಿಜ್ಞಾನ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ವೈದ್ಯಕೀಯ. ಇವುಗಳ ಜೊತೆಗೆ ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ. ಈ ಕೊನೆಯ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ಮೈಕ್ರೋಬಯಾಲಜಿಗೆ ಪದವಿ ಸಾಕು, ಕೆಮಿಸ್ಟ್ರಿಗೆ ಎಂ.ಎಸ್ಸಿ. ಬೇಕು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಪರಿಸರ ವಿಜ್ಞಾನದ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಒಂದೇ ಕಾಲೇಜಿನಲ್ಲಿ, ಒಂದೇ ಬೆಂಚಿನಲ್ಲಿ ಕೂತು ಓದಿದ ಇಬ್ಬರು ಗೆಳತಿಯರಲ್ಲಿ ಒಬ್ಬಳು ಅರ್ಜಿ ಹಾಕಬಹುದು, ಇನ್ನೊಬ್ಬಳು ಹಾಕುವಂತಿಲ್ಲ. ಅಂಕಗಳಿಗೂ ಇದಕ್ಕೂ ಸಂಬಂಧವಿಲ್ಲ. ನಿಯಮಗಳಿಗೆ ಆಗಾಗ ತಿದ್ದುಪಡಿ ಆಗುತ್ತದೆ, ಆದ್ದರಿಂದ ಅರ್ಜಿ ಹಾಕುವಾಗ ಆ ದಿನದ ಅಧಿಸೂಚನೆಯನ್ನೇ ನೋಡಬೇಕು.

ಹಾಗೆಂದು ಪರಿಸರ ವಿಜ್ಞಾನ ಓದಿದವರಿಗೆ ದಾರಿಯೇ ಇಲ್ಲವೆಂದು ತಿಳಿಯಬೇಡಿ. 1986ರ ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಸರ್ಕಾರಿ ವಿಶ್ಲೇಷಕರ ಹುದ್ದೆಗೆ ಪರಿಸರ ವಿಜ್ಞಾನದ ಸ್ನಾತಕೋತ್ತರ ಪದವಿ ಮತ್ತು 2 ವರ್ಷದ ಪ್ರಯೋಗಾಲಯ ಅನುಭವ ಸಲ್ಲುತ್ತದೆ. ಬರೀ ವಿಜ್ಞಾನ ಪದವೀಧರರಾದರೆ 5 ವರ್ಷದ ಅನುಭವ ಬೇಕು. ಪಿಯುಸಿ ನಂತರ ಬೇಗ ದುಡಿಯಬೇಕಾದ ಮನೆಯ ಮಕ್ಕಳಿಗೆ ಕರ್ನಾಟಕ ಪ್ಯಾರಾಮೆಡಿಕಲ್ ಬೋರ್ಡಿನ ಹೆಲ್ತ್ ಇನ್ಸ್‌ಪೆಕ್ಟರ್ ಡಿಪ್ಲೊಮಾ ಇದೆ. ಕೃಷಿ, ಪಶುವೈದ್ಯ, ಡೇರಿ ಮತ್ತು ಆಹಾರ ತಂತ್ರಜ್ಞಾನದ ಸೀಟುಗಳು ಸಿಇಟಿ ಮೂಲಕ ಸಿಗುತ್ತವೆ. ಜಿಕೆವಿಕೆ, ಹೆಬ್ಬಾಳದ ಡೇರಿ ವಿಜ್ಞಾನ ಕಾಲೇಜು ನಮ್ಮ ಬನಶಂಕರಿ, ಜೆ.ಪಿ. ನಗರದವರಿಗೆ ಊರಿನ ಇನ್ನೊಂದು ತುದಿ, ನಿಜ. ಆದರೆ ದೂರ ಎಂಬ ಒಂದೇ ಕಾರಣಕ್ಕೆ ಹೆಣ್ಣುಮಕ್ಕಳ ಸೀಟು ಬಿಡಿಸಬಾರದೆಂದು ಪೋಷಕರಲ್ಲಿ ನಮ್ಮ ಕಳಕಳಿಯ ವಿನಂತಿ.

ಇಷ್ಟೊಂದು ಮೂಲವಿಜ್ಞಾನ ಏಕೆ ಎಂದು ಕೆಲವರು ಕೇಳುತ್ತಾರೆ. ಮನೆಯ ಉದಾಹರಣೆಯನ್ನೇ ಹೇಳುತ್ತೇವೆ. ಮದುವೆಯಲ್ಲಿ ಉಳಿದ ಬಿರಿಯಾನಿಯನ್ನು ದೇಗಿನಲ್ಲೇ ಮುಚ್ಚಿಟ್ಟು ಮರುದಿನ ಬಿಸಿ ಮಾಡಿ ಹಂಚುವ ರೂಢಿ ನಮ್ಮಲ್ಲಿದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ರಾತ್ರಿಯಿಡೀ ಉಳಿದರೆ ಅವು ಬೆಳೆದು, ವಾಂತಿ ತರಿಸುವ ವಿಷವನ್ನು ಬಿಡುತ್ತವೆ. ಆ ವಿಷ ಮತ್ತೆ ಕುದಿಸಿದರೂ ಹೋಗದು. ಇದು ಮೈಕ್ರೋಬಯಾಲಜಿ. ಇನ್ನು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು. 2024ರ ಬೇಸಿಗೆಯಲ್ಲಿ ಎಷ್ಟು ಮನೆಗಳು ಟ್ಯಾಂಕರನ್ನೇ ನಂಬಿದ್ದವು ಎಂಬುದು ನಮಗೆಲ್ಲ ನೆನಪಿದೆ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನ ಲೀಟರಿಗೆ ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು, 100 ಮಿಲಿಲೀಟರಿನಲ್ಲಿ ಇ-ಕೋಲಿ ಒಂದೂ ಕಾಣಬಾರದು. ಕುದಿಸಿದರೆ ಇ-ಕೋಲಿ ಸಾಯುತ್ತದೆ. ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಬಾಟಲಿ ಹಾಲು ಕುಡಿಯುವ ಹಸುಳೆಗೆ ಅದೇ ಅಪಾಯ. ಕೆಮಿಸ್ಟ್ರಿ ತಿಳಿಯದ ನಿರೀಕ್ಷಕ 'ಕುದಿಸಿ ಕುಡಿಯಿರಿ' ಎಂದು ಹೇಳಿ ಹೊರಟುಬಿಟ್ಟಾನು.

ಗಣಿತವೂ ಬೇಕು. ವಸತಿ ಪ್ರದೇಶದಲ್ಲಿ ಸದ್ದಿನ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ವ್ಯತ್ಯಾಸ ಹತ್ತೇ ಎನಿಸಿದರೂ ಲಾಗರಿದಮ್ ಲೆಕ್ಕದಲ್ಲಿ ಅದು ಸದ್ದಿನ ತೀವ್ರತೆಯ ಹತ್ತು ಪಟ್ಟು.

ಹೊರದೇಶದ ಕನಸಿರುವವರಿಗೆ ಒಂದು ಮಾತು. ಅಮೆರಿಕದ ರಾಷ್ಟ್ರೀಯ ಪರಿಸರ ಆರೋಗ್ಯ ಸಂಘವು ನೀಡುವ ಪ್ರಮಾಣಪತ್ರಕ್ಕೆ, ಪರಿಸರ ಆರೋಗ್ಯದಲ್ಲೇ ಮಾನ್ಯತೆ ಪಡೆದ ಪದವಿ ಇಲ್ಲದವರು, ಪದವಿಯಲ್ಲಿ 30 ಸೆಮಿಸ್ಟರ್ ಕ್ರೆಡಿಟ್‌ಗಳಷ್ಟು ಮೂಲವಿಜ್ಞಾನ, ಜೊತೆಗೆ ಬೀಜಗಣಿತ ಅಥವಾ ಅದಕ್ಕೂ ಮೇಲಿನ ಗಣಿತ ಓದಿರಬೇಕು. 2 ವರ್ಷ ಕೆಲಸ ಮಾಡಿರಬೇಕು. ಅಲ್ಲಿ ಪದವಿಯ ಹೆಸರಿಗಿಂತ ಓದಿದ ಪೇಪರುಗಳನ್ನು ಎಣಿಸುತ್ತಾರೆ. ಆದ್ದರಿಂದ ಪ್ರತಿ ಸೆಮಿಸ್ಟರಿನ ಪಠ್ಯಕ್ರಮದ ಪ್ರತಿ, ಲ್ಯಾಬ್ ರೆಕಾರ್ಡ್, ಅಂಕಪಟ್ಟಿ ಎಲ್ಲವನ್ನೂ ಜೋಪಾನವಾಗಿಡಿ. ಹತ್ತು ವರ್ಷದ ಮೇಲೆ ಕಾಲೇಜಿನಲ್ಲಿ ಹಳೆಯ ಪಠ್ಯಕ್ರಮ ಹುಡುಕಿಸುವುದು ಸುಲಭವಲ್ಲ.

ನಮ್ಮ ರಾಜ್ಯದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿ ಹೋಗಿ, 2024-25ರಿಂದ ಮತ್ತೆ ಮೂರು ವರ್ಷ, ಮೂರು ವಿಷಯಗಳ ಪದವಿ ಬಂದಿದೆ. ಪದವಿ ಪ್ರಮಾಣಪತ್ರದಲ್ಲಿ ಬರೀ 'ಬಿ.ಎಸ್ಸಿ.' ಎಂದಿದ್ದರೆ ದಾಖಲೆ ಪರಿಶೀಲನೆಯ ದಿನ ಕೈಹಿಡಿಯುವುದು ಅಂಕಪಟ್ಟಿಯಲ್ಲಿರುವ ವಿಷಯದ ಹೆಸರೇ. ಜೀವಶಾಸ್ತ್ರದ ಒಲವಿರುವ ಮಗುವಿಗೆ ಕೆಮಿಸ್ಟ್ರಿಯ ಜೊತೆ ಮೈಕ್ರೋಬಯಾಲಜಿ ಅಥವಾ ಬಯೋಕೆಮಿಸ್ಟ್ರಿ ಸಿಗುವ ಕಾಲೇಜನ್ನೇ ಹುಡುಕಿ ಎಂಬುದು ನಮ್ಮ ಸಲಹೆ. ಮನೆಗೆ ಹತ್ತಿರ, ಫೀಸು ಕಡಿಮೆ ಎಂಬುದನ್ನು ಆಮೇಲೆ ನೋಡೋಣ. ಫೀಸಿನ ಭಾರ ಹಂಚಿಕೊಳ್ಳಲೆಂದೇ ಟ್ರಸ್ಟ್ ಇರುವುದು.

ಈ ಸಾಲಿನ ಅರ್ಜಿ ನಮೂನೆಯಲ್ಲಿ ಮೂರು ವಿಷಯಗಳ ಹೆಸರನ್ನೂ ಕಡ್ಡಾಯವಾಗಿ ತುಂಬಬೇಕು. ಪಿಯುಸಿ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಕಾಲೇಜಿನ ಫೀಸು ರಸೀದಿಯ ಜೊತೆ ಸರ್ಕಾರದ ಎಸ್‌ಎಸ್‌ಪಿ ವಿದ್ಯಾರ್ಥಿವೇತನಕ್ಕೆ ಹಾಕಿದ ಅರ್ಜಿಯ ಪ್ರತಿಯನ್ನೂ ಲಗತ್ತಿಸಿ. ಸಿಇಟಿ ಮೂಲಕ ಸೀಟು ಪಡೆದವರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲದ ಬಗ್ಗೆಯೂ ವಿಚಾರಿಸಿಕೊಳ್ಳಿ. ಇನ್ನೂ ಯಾವ ಕಾಲೇಜಿಗೂ ಸೇರದೆ ಗೊಂದಲದಲ್ಲಿರುವವರು ಫೀಸು ಕಟ್ಟುವ ಮೊದಲೇ ತಂದೆ ಅಥವಾ ತಾಯಿಯೊಡನೆ ಕಚೇರಿಗೆ ಬನ್ನಿ. ಅಧಿಸೂಚನೆಗಳ ಪ್ರತಿಗಳನ್ನು ಮುಂದಿಟ್ಟುಕೊಂಡೇ ಮಾತನಾಡೋಣ.