ಆಭರಣ ದುರಸ್ತಿಯಲ್ಲಿ ನ್ಯೂನತೆ: ಗ್ರಾಹಕರ ಹಕ್ಕು ಮತ್ತು ಪರಿಹಾರ

ಚಿನ್ನದ ಆಭರಣವನ್ನು ಕೊಳ್ಳುವಾಗ ಗ್ರಾಹಕರು ತೋರುವ ಎಚ್ಚರವು ಅದೇ ಆಭರಣವನ್ನು ದುರಸ್ತಿಗೆ ಕೊಡುವಾಗ ಸಾಮಾನ್ಯವಾಗಿ ಕಂಡುಬರುವುದಿಲ್ಲ. ಕೊಳ್ಳುವಾಗ ಅಂದಿನ ದರವನ್ನು ವಿಚಾರಿಸುತ್ತಾರೆ, ತೂಕವನ್ನು ನೋಡುತ್ತಾರೆ, ಹಾಲ್‌ಮಾರ್ಕ್ ಇದೆಯೇ ಎಂದು ಪರೀಕ್ಷಿಸುತ್ತಾರೆ, ರಸೀದಿಯನ್ನು ಕೇಳಿ ಪಡೆಯುತ್ತಾರೆ. ದುರಸ್ತಿಯ ಸಂದರ್ಭದಲ್ಲಾದರೋ, ಕೊಂಡಿ ಕಳಚಿದ ಸರವನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಪರಿಚಿತ ಅಂಗಡಿಯಲ್ಲಿ ಒಪ್ಪಿಸಿ, ‘ನಾಲ್ಕು ದಿನ ಬಿಟ್ಟು ಬನ್ನಿ’ ಎಂಬ ಮಾತನ್ನು ನಂಬಿ ಹಿಂದಿರುಗುತ್ತಾರೆ. ದುರಸ್ತಿಯ ಕೂಲಿ ಕೆಲವು ನೂರು ರೂಪಾಯಿಗಳಾದರೂ, ಒಪ್ಪಿಸಿದ ಒಡವೆಯ ಬೆಲೆ ಅನೇಕ ವೇಳೆ ಲಕ್ಷಗಳಲ್ಲಿರುತ್ತದೆ.

‘ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ’ ಎಂಬ ಗಾದೆ ಕನ್ನಡ ನಾಡಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ತಲೆಮಾರುಗಳಿಂದ ಪ್ರಾಮಾಣಿಕವಾಗಿ ದುಡಿಯುತ್ತ ಬಂದ ಕುಶಲಕರ್ಮಿಗಳಿಗೆ ಈ ಗಾದೆ ನ್ಯಾಯ ಒದಗಿಸುವುದಿಲ್ಲ. ಆದರೆ ಸಂಶಯಕ್ಕೂ ಕುರುಡು ನಂಬಿಕೆಗೂ ನಡುವೆ ಇನ್ನೊಂದು ದಾರಿಯಿದೆ. ಅದು ದಾಖಲೆಯ ದಾರಿ. ದುರಸ್ತಿಯ ವಿಷಯದಲ್ಲಿ ಗ್ರಾಹಕರ ಹಕ್ಕು ಬಹುಮಟ್ಟಿಗೆ ನಿಂತಿರುವುದು, ಒಡವೆಯನ್ನು ಒಪ್ಪಿಸಿದ ಗಳಿಗೆಯಲ್ಲಿ ಪಡೆದ ಚೀಟಿಯ ಮೇಲೆ.

ಒಂದು ನಿದರ್ಶನ

ಕಲ್ಪಿತ ನಿದರ್ಶನವೊಂದರಿಂದ ಈ ಮಾತು ಸ್ಪಷ್ಟವಾಗುತ್ತದೆ. ಬೆಳಗಾವಿ ಕಡೆಯಿಂದ ಬಂದು ಪುಣೆ ನಗರದಲ್ಲಿ ನೆಲೆಸಿದ ಗೃಹಿಣಿಯೊಬ್ಬರ ಬಳಿ, ಅತ್ತೆಯವರಿಂದ ಬಂದ 40 ಗ್ರಾಂ ತೂಕದ ಕಾಸಿನ ಸರವೊಂದಿದೆ. ಮನೆಯ ಮದುವೆಗೆ ಮುನ್ನ ಅದರ ಎರಡು ಕಾಸುಗಳ ಬೆಸುಗೆ ಬಿಟ್ಟಿರುವುದನ್ನು ಕಂಡು, ಸರಿಪಡಿಸಲು ಅಂಗಡಿಯೊಂದಕ್ಕೆ ಕೊಡುತ್ತಾರೆ. ಹೇಳಿದ ದಿನ ಕಳೆದು ಎರಡು ವಾರಗಳ ನಂತರ ಸರ ಕೈಸೇರುತ್ತದೆ. ಬೆಸುಗೆಯ ಜಾಗದಲ್ಲಿ ಗಂಟುಗಳೆದ್ದಿವೆ. ಒಂದು ಕಾಸಿನ ಅಚ್ಚು ಉಳಿದವುಗಳಿಗಿಂತ ಬೇರೆಯಾಗಿದೆ. ಸರದ ಬಣ್ಣ ಒಂದೆಡೆ ಮಂಕಾಗಿದೆ. ವಿಚಾರಿಸಿದರೆ, ‘ಕೊಟ್ಟಾಗಲೇ ಹಾಗಿತ್ತು’ ಎಂಬ ಉತ್ತರ ಬರುತ್ತದೆ. ಸರವು ಮೊದಲು ಹೇಗಿತ್ತೆಂಬುದಕ್ಕೆ ಆಕೆಯ ನೆನಪಿನ ಹೊರತು ಬೇರೆ ಆಧಾರವಿಲ್ಲ. ಇಂತಹ ವ್ಯಾಜ್ಯಗಳಲ್ಲಿ ಮುಖ್ಯವಾದ ತೊಡಕು ಇದೇ.

ದುರಸ್ತಿಯಲ್ಲಿ ಆಗಬಹುದಾದ ಹಾನಿಗಳು

ಮೊದಲನೆಯದು ತೂಕದ ನಷ್ಟ. ಅರದಿಂದ ಉಜ್ಜುವಾಗ ಚಿನ್ನದ ಪುಡಿ ಉದುರುತ್ತದೆ. ಮೆರುಗು ಕೊಡುವಾಗ ಮೇಲ್ಮೈ ಸವೆಯುತ್ತದೆ. ಅಲ್ಪ ಪ್ರಮಾಣದ ಈ ನಷ್ಟ ಸಹಜ. ಆದರೆ ನೈಟ್ರಿಕ್ ಆಮ್ಲ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ ಚಿನ್ನವು ಕರಗುತ್ತದೆ, ಹಾಗೂ ಕರಗಿದ ಚಿನ್ನವನ್ನು ಆ ದ್ರವದಿಂದ ಮರಳಿ ಪಡೆಯಲು ಸಾಧ್ಯವಿದೆ. ಆದುದರಿಂದ ‘ತೊಳೆದು ಹೊಳಪು ಕೊಡುವ’ ಕೆಲಸಕ್ಕೂ ಮುನ್ನ ತೂಕ ಮಾಡಿಸುವುದು ಅವಶ್ಯಕ.

ಎರಡನೆಯದು ಶುದ್ಧತೆಯ ನಷ್ಟ. ಇದು ತಕ್ಕಡಿಯಲ್ಲಿ ಕಾಣುವುದಿಲ್ಲ. 22 ಕ್ಯಾರೆಟ್ ಚಿನ್ನದಲ್ಲಿ ಸಾವಿರಕ್ಕೆ 916 ಭಾಗ ಅಪ್ಪಟ ಚಿನ್ನವಿರುತ್ತದೆ. ಬೆಸುಗೆಯ ಲೋಹವು ಆಭರಣಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಕರಗಬೇಕಾದುದರಿಂದ ಅದರಲ್ಲಿ ಬೆಳ್ಳಿ, ತಾಮ್ರ, ಸತು ಮೊದಲಾದವು ಬೆರೆತಿರುತ್ತವೆ. ಮೇಲಿನ 40 ಗ್ರಾಂ ಸರದಲ್ಲಿ ಇರಬೇಕಾದ ಅಪ್ಪಟ ಚಿನ್ನ 36.64 ಗ್ರಾಂ. ಅದರಿಂದ 2 ಗ್ರಾಂ ತೆಗೆದು, ಅರ್ಧದಷ್ಟು ಮಾತ್ರ ಚಿನ್ನವಿರುವ 2 ಗ್ರಾಂ ಲೋಹವನ್ನು ಸೇರಿಸಿದರೆ ತೂಕ 40 ಗ್ರಾಂ ಆಗಿಯೇ ಉಳಿಯುತ್ತದೆ. ಆದರೆ ಅಪ್ಪಟ ಚಿನ್ನ ಸುಮಾರು 35.81 ಗ್ರಾಂಗೆ ಇಳಿದು, ಒಟ್ಟು ಶುದ್ಧತೆ 916ರಿಂದ ಸುಮಾರು 895ಕ್ಕೆ ಕುಸಿಯುತ್ತದೆ. ಸಿರಾಕ್ಯೂಸ್ ನಗರದ ದೊರೆಯ ಕಿರೀಟದಲ್ಲಿ ತೂಕ ಸರಿಯಿದ್ದೂ ಬೆಳ್ಳಿ ಬೆರೆತಿದ್ದುದನ್ನು ಆರ್ಕಿಮಿಡೀಸ್ ಪತ್ತೆ ಮಾಡಿದನೆಂಬ ಪ್ರಸಿದ್ಧ ಕಥೆಯ ತಿರುಳೂ ಇದೇ ಆಗಿದೆ.

‘ಕೆಡಿಎಂ’ ಎಂಬುದು ಶುದ್ಧತೆಯ ಗುರುತೆಂಬ ತಪ್ಪು ಕಲ್ಪನೆ ಜನರಲ್ಲಿದೆ. ಕ್ಯಾಡ್ಮಿಯಂ ಬೆರೆಸಿದ ಬೆಸುಗೆಗೆ ಬಳಕೆಯಲ್ಲಿ ಬಂದ ಹೆಸರು ಅದು. ಕ್ಯಾಡ್ಮಿಯಂ ಹೊಗೆಯು ಕೆಲಸಗಾರರ ಶ್ವಾಸಕೋಶಕ್ಕೆ ಹಾನಿಕರ.

ಮೂರನೆಯದು ರೂಪದ ಹಾನಿ. ಮುತ್ತು ಮತ್ತು ಹವಳಗಳು ಬಿಸಿಯನ್ನೂ ಆಮ್ಲವನ್ನೂ ತಾಳುವುದಿಲ್ಲ. ಅವುಗಳನ್ನು ಬಿಚ್ಚದೆಯೇ ಬೆಸುಗೆ ಹಾಕಿದರೆ ಬಣ್ಣಗೆಡುತ್ತವೆ ಇಲ್ಲವೆ ಬಿರುಕು ಬಿಡುತ್ತವೆ. ಹರಳು ಸಡಿಲಗೊಳ್ಳುವುದು, ಬದಲಾಗುವುದು, ಹಳೆಯ ಕೆತ್ತನೆ ಅಳಿಸಿಹೋಗುವುದು ಇವೂ ಈ ವರ್ಗಕ್ಕೆ ಸೇರುತ್ತವೆ.

ಪ್ರಾಚೀನ ನಿಯಮ, ಇಂದಿನ ಕಾನೂನು

ಈ ಸಮಸ್ಯೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಕ್ಕಸಾಲಿಗರ ಕೆಲಸದ ಮೇಲ್ವಿಚಾರಣೆಯನ್ನು ವಿವರವಾಗಿ ನಿರೂಪಿಸಲಾಗಿದೆ. ಜನರಿಂದ ಪಡೆದ ಚಿನ್ನವನ್ನು ಅದೇ ಬಣ್ಣ ಹಾಗೂ ಅದೇ ತೂಕದಲ್ಲಿ ಹಿಂದಿರುಗಿಸಬೇಕು, ಸಹಜ ಸವೆತಕ್ಕೆ ಮಾತ್ರ ವಿನಾಯಿತಿ ಎಂಬ ನಿಯಮ ಅಲ್ಲಿದೆ. ಮೋಸದ ತಕ್ಕಡಿಯಿಂದ ಮೊದಲ್ಗೊಂಡು ಚಿನ್ನ ಅಪಹರಿಸುವ ಐದು ವಿಧಾನಗಳನ್ನೂ ಆ ಗ್ರಂಥ ಹೆಸರಿಸುತ್ತದೆ.

ಇಂದಿನ ಕಾನೂನಿನಲ್ಲಿ ಇದೇ ತತ್ತ್ವವು 1872ರ ಭಾರತೀಯ ಕರಾರು ಅಧಿನಿಯಮದಲ್ಲಿ ಕಾಣುತ್ತದೆ. ಒಂದು ಉದ್ದೇಶಕ್ಕಾಗಿ ವಸ್ತುವನ್ನು ಒಪ್ಪಿಸಿ, ಉದ್ದೇಶ ನೆರವೇರಿದ ಮೇಲೆ ಮರಳಿ ಪಡೆಯುವ ವ್ಯವಹಾರಕ್ಕೆ ನಿಕ್ಷೇಪ ಎಂದು ಹೆಸರು. ಒಡವೆಯನ್ನು ದುರಸ್ತಿಗೆ ಕೊಡುವುದು ನಿಕ್ಷೇಪವೇ ಆಗಿದೆ. ವಿವೇಕಿಯಾದ ಸಾಮಾನ್ಯ ಮನುಷ್ಯನು ತನ್ನ ಸ್ವಂತ ವಸ್ತುವಿನ ವಿಷಯದಲ್ಲಿ ವಹಿಸುವಷ್ಟೇ ಎಚ್ಚರಿಕೆಯನ್ನು ಪಡೆದವನು ವಹಿಸಬೇಕೆಂದು 151ನೆಯ ಪ್ರಕರಣವು ವಿಧಿಸುತ್ತದೆ. ಒಪ್ಪಿಗೆಯಿಲ್ಲದೆ ಬೇರ್ಪಡಿಸಲಾಗದಂತೆ ತನ್ನ ವಸ್ತುವಿನೊಂದಿಗೆ ಬೆರೆಸಿದರೆ ಅವನು ನಷ್ಟ ತುಂಬಿಕೊಡಬೇಕೆಂದು 157ನೆಯ ಪ್ರಕರಣವೂ, ತನ್ನ ತಪ್ಪಿನಿಂದ ಸಕಾಲದಲ್ಲಿ ಹಿಂದಿರುಗಿಸದಿದ್ದರೆ ಆನಂತರದ ನಷ್ಟಕ್ಕೆ ಅವನೇ ಹೊಣೆಯೆಂದು 161ನೆಯ ಪ್ರಕರಣವೂ ತಿಳಿಸುತ್ತವೆ.

ಕಾನೂನು ಕುಶಲಕರ್ಮಿಯನ್ನೂ ರಕ್ಷಿಸುತ್ತದೆ. ಒಪ್ಪಿದ ಕೆಲಸವನ್ನು ಸರಿಯಾಗಿ ಮುಗಿಸಿದ ಮೇಲೆ ಕೂಲಿ ದೊರೆಯುವವರೆಗೆ ವಸ್ತುವನ್ನು ಇರಿಸಿಕೊಳ್ಳುವ ಹಕ್ಕು 170ನೆಯ ಪ್ರಕರಣದಡಿ ಅವನಿಗಿದೆ. ಕೊರೆದು ನಯಗೊಳಿಸಲು ವಜ್ರವನ್ನು ಪಡೆದ ಆಭರಣಕಾರನ ಉದಾಹರಣೆಯನ್ನೇ ಆ ಪ್ರಕರಣವು ನೀಡುತ್ತದೆ. ಅಂತೆಯೇ, ಒಡವೆಯಲ್ಲಿ ಮೊದಲೇ ಇದ್ದು ತಮಗೆ ತಿಳಿದ ದೋಷಗಳನ್ನು ಗ್ರಾಹಕರು ಮುಚ್ಚಿಡಬಾರದು.

ಗ್ರಾಹಕರ ಸಂರಕ್ಷಣಾ ಅಧಿನಿಯಮ

1986ರ ಅಧಿನಿಯಮದ ಸ್ಥಾನದಲ್ಲಿ ಬಂದ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019, ಜುಲೈ 2020ರಲ್ಲಿ ಜಾರಿಗೆ ಬಂದಿತು. ಹಣ ಪಡೆದು ಮಾಡುವ ದುರಸ್ತಿಯು ಈ ಅಧಿನಿಯಮದ ಅರ್ಥದಲ್ಲಿ ‘ಸೇವೆ’ ಎನಿಸುತ್ತದೆ. ಕೆಲಸದ ಗುಣಮಟ್ಟದಲ್ಲಿನ ಕೊರತೆ, ಅಜಾಗರೂಕತೆ, ಒಪ್ಪಿದಂತೆ ನಡೆಯದಿರುವುದು ಇವೆಲ್ಲವೂ ‘ಸೇವಾ ನ್ಯೂನತೆ’ಗಳು. ಒದಗಿಸಿದ ಸೇವೆಗೆ ರಸೀದಿ ನೀಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಲಾಗಿದೆ. ಪೂರ್ಣ ಉಚಿತವಾಗಿ ಮಾಡಿಕೊಟ್ಟ ಕೆಲಸವು ಸೇವೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದುದರಿಂದ ಪರಿಚಯದ ಸಲುಗೆಯಲ್ಲಿ ‘ಕೂಲಿ ಬೇಡ’ ಎಂಬ ಮಾತನ್ನು ಒಪ್ಪುವುದಕ್ಕಿಂತ, ಅಲ್ಪ ಮೊತ್ತವನ್ನಾದರೂ ಕೊಟ್ಟು ರಸೀದಿ ಪಡೆಯುವುದು ಲೇಸು.

ಒಪ್ಪಿಸುವಾಗ ವಹಿಸಬೇಕಾದ ಎಚ್ಚರ

1. ಮನೆಯಿಂದ ಹೊರಡುವ ಮುನ್ನ ಒಡವೆಯ ಎರಡೂ ಬದಿಯ ಛಾಯಾಚಿತ್ರ ತೆಗೆದಿರಬೇಕು. ದೋಷವಿರುವ ಜಾಗ, ಹರಳುಗಳು ಮತ್ತು ಮುದ್ರೆಗಳು ಸ್ಪಷ್ಟವಾಗಿ ಕಾಣುವಂತಿರಬೇಕು.

2. ಕಣ್ಣೆದುರಿಗೇ ತೂಕ ಮಾಡಿಸಿ, ಗ್ರಾಂ ಮತ್ತು ಮಿಲಿಗ್ರಾಂಗಳಲ್ಲಿ ಬರೆಯಿಸಬೇಕು. ತಕ್ಕಡಿಯ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುವುದನ್ನು ಗಮನಿಸಬೇಕು.

3. ಚೀಟಿಯಲ್ಲಿ ಒಡವೆಯ ಹೆಸರು, ತೂಕ, ಕ್ಯಾರೆಟ್, ಹರಳುಗಳ ಸಂಖ್ಯೆ, ಮಾಡಬೇಕಾದ ಕೆಲಸ, ಕೂಲಿ, ಹಿಂದಿರುಗಿಸುವ ದಿನಾಂಕ ಹಾಗೂ ಅಂಗಡಿಯ ಮುದ್ರೆ ಇರಬೇಕು. ಹೊಸದಾಗಿ ಚಿನ್ನ ಸೇರಿಸುವುದಾದರೆ ಅದರ ತೂಕ ಮತ್ತು ಶುದ್ಧತೆಯನ್ನು ಪ್ರತ್ಯೇಕವಾಗಿ ನಮೂದಿಸಿರಬೇಕು.

4. ಹಾಲ್‌ಮಾರ್ಕ್ ಇರುವ ಒಡವೆಯಾದರೆ ಆರು ಅಂಕಿ-ಅಕ್ಷರಗಳ ಎಚ್‌ಯುಐಡಿ ಸಂಖ್ಯೆಯನ್ನು ಬರೆಯಿಸಬೇಕು. ಚಿನ್ನಾಭರಣಗಳ ಹಾಲ್‌ಮಾರ್ಕಿಂಗ್ 16 ಜೂನ್ 2021ರಂದು ಪುಣೆ ಸೇರಿದಂತೆ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ಹಾಲ್‌ಮಾರ್ಕ್ ಮಾಡಿದ ಒಡವೆಗಳನ್ನು ಈ ಸಂಖ್ಯೆಯಿಲ್ಲದೆ ಮಾರುವಂತಿಲ್ಲವೆಂಬ ನಿಯಮ 1 ಏಪ್ರಿಲ್ 2023ರಿಂದ ಜಾರಿಯಲ್ಲಿದೆ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಸಂಖ್ಯೆಯನ್ನು ಪರಿಶೀಲಿಸಬಹುದು.

5. ಮುದ್ರೆಯಿಲ್ಲದ ಹಳೆಯ ಒಡವೆ ಬೆಲೆಬಾಳುವಂಥದಾದರೆ, ಭಾರತೀಯ ಮಾನಕ ಬ್ಯೂರೋದ ಮಾನ್ಯತೆ ಪಡೆದ ಪರೀಕ್ಷಾ ಮತ್ತು ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಶುಲ್ಕ ತೆತ್ತು, ದುರಸ್ತಿಗೆ ಮೊದಲೇ ಶುದ್ಧತೆಯ ವರದಿ ಪಡೆಯುವುದು ಒಳ್ಳೆಯದು.

ದೋಷ ಕಂಡುಬಂದಾಗ

ಒಡವೆಯನ್ನು ಮರಳಿ ಪಡೆಯುವಾಗ ಅಂಗಡಿಯಲ್ಲಿಯೇ ತೂಕ ಮಾಡಿಸಿ, ಚೀಟಿಯೊಂದಿಗೆ ಹೋಲಿಸಬೇಕು. ದೋಷ ಕಂಡರೆ ಬಿಲ್ಲಿನ ಮೇಲೆ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಲಾಗಿದೆ’ ಎಂದು ಕಾರಣ ಸಹಿತ ಬರೆದು ಸಹಿ ಮಾಡಬೇಕು. ಕೂಲಿಯ ವಿಷಯದಲ್ಲಿ ಜಗಳಕ್ಕಿಳಿದು ಒಡವೆಯನ್ನು ಅಲ್ಲಿಯೇ ಬಿಟ್ಟುಬರುವುದಕ್ಕಿಂತ, ಆಕ್ಷೇಪಣೆ ದಾಖಲಿಸಿ ಹಣ ಕೊಟ್ಟು ಒಡವೆಯನ್ನು ಪಡೆಯುವುದು ಕ್ಷೇಮ.

ಅನಂತರ ಅದನ್ನು ಇನ್ನೊಂದು ಅಂಗಡಿಯಲ್ಲಿ ತಕ್ಷಣ ಸರಿಪಡಿಸಲು ಹೋಗಬಾರದು. ಹಾಗೆ ಮಾಡಿದಲ್ಲಿ ಮೊದಲನೆಯವರ ತಪ್ಪಿನ ಸಾಕ್ಷ್ಯವೇ ಅಳಿದುಹೋಗುತ್ತದೆ. ಛಾಯಾಚಿತ್ರ ತೆಗೆದು, ಪರೀಕ್ಷಾ ಕೇಂದ್ರದಲ್ಲಿ ಬೆಸುಗೆಯ ಜಾಗವನ್ನೂ ಬೇರೊಂದು ಜಾಗವನ್ನೂ ಪರೀಕ್ಷಿಸಿ ವರದಿ ಪಡೆಯಬೇಕು. ಎಕ್ಸ್-ಕಿರಣ ಪರೀಕ್ಷೆಯಿಂದ ಒಡವೆಗೆ ಹಾನಿಯಿಲ್ಲ, ಆದರೆ ಅದು ಮೇಲ್ಪದರವನ್ನಷ್ಟೇ ಅಳೆಯುತ್ತದೆ. ಹೆಚ್ಚು ನಿಖರವಾದ ಅಗ್ನಿಪರೀಕ್ಷಾ ವಿಧಾನಕ್ಕೆ ಒಡವೆಯಿಂದ ಚೂರು ಕತ್ತರಿಸಬೇಕಾಗುತ್ತದೆ.

ತರುವಾಯ ಅಂಗಡಿಯವರಿಗೆ ಅಂಚೆಯಲ್ಲಿ ಪತ್ರ ಬರೆದು, ದೋಷಗಳನ್ನು ವಿವರಿಸಿ, ನಿರ್ದಿಷ್ಟ ದಿನದೊಳಗೆ ಪರಿಹಾರ ಕೋರಬೇಕು. ಅನೇಕ ಪ್ರಸಂಗಗಳು ಈ ಹಂತದಲ್ಲಿಯೇ ಇತ್ಯರ್ಥವಾಗುವ ಸಂಭವವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೂ ಸಲಹೆ ಪಡೆಯಬಹುದು. ಸಹಾಯವಾಣಿಯು ರಾಜಿಗೆ ಯತ್ನಿಸುತ್ತದೆ. ಆದೇಶ ನೀಡುವ ಅಧಿಕಾರ ಅದಕ್ಕಿಲ್ಲ.

ಆಯೋಗದ ಮೊರೆ

ಇಷ್ಟಾದರೂ ಫಲ ದೊರೆಯದಿದ್ದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಆಯೋಗದ ಆರ್ಥಿಕ ಅಧಿಕಾರ ವ್ಯಾಪ್ತಿಯನ್ನು ಸೇವೆಗಾಗಿ ತೆತ್ತ ಹಣದ ಆಧಾರದ ಮೇಲೆ ನಿರ್ಧರಿಸಲಾಗುತ್ತದೆ. ಡಿಸೆಂಬರ್ 2021ರ ನಿಯಮಗಳಂತೆ 50 ಲಕ್ಷ ರೂಪಾಯಿಗಳವರೆಗಿನ ಪ್ರಕರಣಗಳು ಜಿಲ್ಲಾ ಆಯೋಗಕ್ಕೆ ಸೇರುತ್ತವೆ. ತೆತ್ತ ಹಣ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಹೀಗಾಗಿ ದುರಸ್ತಿಯ ದೂರುಗಳು ಸಾಮಾನ್ಯವಾಗಿ ಜಿಲ್ಲಾ ಆಯೋಗದಲ್ಲಿಯೇ, ಶುಲ್ಕವಿಲ್ಲದೆ ದಾಖಲಾಗುತ್ತವೆ. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ದೂರು ಕೊಡಬೇಕು. ವಕೀಲರ ನೆರವು ಕಡ್ಡಾಯವಲ್ಲ.

2019ರ ಅಧಿನಿಯಮದ ಒಂದು ಸೌಲಭ್ಯವು ಊರು ಬಿಟ್ಟು ನೆಲೆಸಿದವರಿಗೆ ವಿಶೇಷವಾಗಿ ಉಪಯುಕ್ತ. ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೂ ದೂರು ಸಲ್ಲಿಸಬಹುದು. ಪುಣೆಯಲ್ಲಿ ನೆಲೆಸಿದ ಕನ್ನಡಿಗರು ರಜೆಯಲ್ಲಿ ಬೆಳಗಾವಿಯಲ್ಲಿ ಒಡವೆ ದುರಸ್ತಿ ಮಾಡಿಸಿದ್ದರೆ, ದೂರಿಗಾಗಿ ಬೆಳಗಾವಿಗೆ ಅಲೆಯಬೇಕಾಗಿಲ್ಲ, ಪುಣೆಯಲ್ಲಿಯೇ ದಾಖಲಿಸಬಹುದು. 1 ಜನವರಿ 2025ರಂದು ಆರಂಭವಾದ ‘ಇ-ಜಾಗೃತಿ’ ಅಂತರ್ಜಾಲ ತಾಣದ ಮೂಲಕ ಮನೆಯಿಂದಲೂ ದೂರು ಕೊಡಬಹುದಾಗಿದೆ.

ದೂರು ರುಜುವಾತಾದಲ್ಲಿ ನ್ಯೂನತೆಯನ್ನು ಸರಿಪಡಿಸಲು, ಕೂಲಿಯನ್ನು ಹಿಂದಿರುಗಿಸಲು, ನಷ್ಟ ಪರಿಹಾರ ಮತ್ತು ವ್ಯಾಜ್ಯದ ವೆಚ್ಚವನ್ನು ಕೊಡಲು ಆಯೋಗವು ಆದೇಶಿಸಬಹುದು. ಆದೇಶವನ್ನು ಪಾಲಿಸದಿದ್ದರೆ ಒಂದು ತಿಂಗಳಿನಿಂದ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಉದ್ದೇಶಪೂರ್ವಕವಾಗಿ ಚಿನ್ನವನ್ನು ಬದಲಿಸಿದ ಅಥವಾ ಒಡವೆಯನ್ನು ಲಪಟಾಯಿಸಿದ ಆರೋಪವಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ. ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯ 316ನೆಯ ಪ್ರಕರಣದಡಿ ಪೊಲೀಸರಿಗೆ ದೂರು ಕೊಡಬೇಕಾಗುತ್ತದೆ.

ಗ್ರಾಹಕರ ಜಾಗೃತಿಯೇ ರಕ್ಷಣೆ

ಭಾರತದ ಗ್ರಾಹಕ ಚಳವಳಿಯಲ್ಲಿ ಪುಣೆ ನಗರಕ್ಕೆ ವಿಶಿಷ್ಟ ಸ್ಥಾನವಿದೆ. 1974ರಲ್ಲಿ ಬಿಂದುಮಾಧವ ಜೋಶಿಯವರು ಗ್ರಾಹಕ ಪಂಚಾಯತ್ ಸಂಘಟನೆಯನ್ನು ಆರಂಭಿಸಿದ್ದು ಇಲ್ಲಿಯೇ. ಗ್ರಾಹಕರಿಗಾಗಿ ಪ್ರತ್ಯೇಕ ಕಾನೂನು ಬರುವುದಕ್ಕೆ ಹನ್ನೆರಡು ವರ್ಷಗಳ ಮುನ್ನವೇ ನಡೆದ ಪ್ರಯತ್ನವದು. ಇಂದು ಕಾನೂನಿದೆ, ಆಯೋಗವಿದೆ, ಸಹಾಯವಾಣಿಯಿದೆ. ಆದರೆ ಒಡವೆಯು ಮೊದಲು ಹೇಗಿತ್ತೆಂಬುದನ್ನು ಇವುಗಳಲ್ಲಿ ಯಾವುದೂ ತಾನಾಗಿ ಅರಿಯಲಾರದು.

ಕಾಸಿನ ಸರದ ಗೃಹಿಣಿಯ ಕೈಯಲ್ಲಿ ಛಾಯಾಚಿತ್ರವೂ ತೂಕ ಬರೆದ ಚೀಟಿಯೂ ಇದ್ದಿದ್ದರೆ, ‘ಕೊಟ್ಟಾಗಲೇ ಹಾಗಿತ್ತು’ ಎಂಬ ಉತ್ತರಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಅಂತಹ ಚೀಟಿಯು ನಿರಪರಾಧಿ ಅಕ್ಕಸಾಲಿಗನನ್ನೂ ಸುಳ್ಳು ಆರೋಪದಿಂದ ಕಾಯುತ್ತದೆ. ಆದುದರಿಂದ ಚೀಟಿ ಕೇಳಲು ಸಂಕೋಚ ಪಡಬೇಕಾದ ಕಾರಣವಿಲ್ಲ. ಅಂಗಡಿಯ ಪರಿಚಯ ಎಷ್ಟೇ ಹಳೆಯದಾಗಿರಲಿ, ಒಡವೆಯನ್ನು ತೂಗಿ, ಬರೆಯಿಸಿ, ಓದಿ ನೋಡಿದ ಮೇಲೆಯೇ ಒಪ್ಪಿಸಬೇಕು.